ರೇಡಿಯೊದಲ್ಲಿ ಹಾಡಿದ್ದು ಯಾವ ಲಿಲ್ಲಿ?

ಹೋದ ತಿಂಗಳು ಒಂದು ಶುಕ್ರವಾರ ಮಧ್ಯಾಹ್ನ, ಇಲ್ಲಿ ಒಮಾನಿನ ಸಲಾಲಾದ ಒಂದು ಫ್ಲ್ಯಾಟಿನಲ್ಲಿ, ಮದುವೆಯಾಗಿ ನಲವತ್ತು ವರ್ಷ ದಾಟಿದ ಗಂಡನೊಬ್ಬ ನನ್ನ ಕಣ್ಣೆದುರೇ ಹೆಂಡತಿಯ ಕೈಗೆ ಸಿಕ್ಕಿಬಿದ್ದ.

ಇನ್ನೊಬ್ಬ ಹೆಂಗಸಿನ ಜೊತೆ.

ಗಾಬರಿಯಾಗಬೇಡಿ. ಆ ಹೆಂಗಸು ಇದ್ದದ್ದು ಕ್ಯಾಸೆಟ್ಟಿನಲ್ಲಿ. ಹಾಡುತ್ತಿದ್ದದ್ದು ಯೇಸುವಿನ ಹಾಡು. (ಇಷ್ಟು ಪವಿತ್ರವಾದ ಸನ್ನಿವೇಶದಲ್ಲಿ ಸಿಕ್ಕಿಬಿದ್ದ ಗಂಡ ಭೂಮಿಯ ಮೇಲೆ ಇನ್ನೊಬ್ಬ ಇರಲಾರ.) ಇದಕ್ಕೆಲ್ಲ ಮೂಲ ಕಾರಣ ಯಾರು ಅಂತ ಕೇಳಿದರೆ, ಹೇಳಲು ಸಂಕೋಚವಾಗುತ್ತದೆ, ಈ ಅಂಕಣ.

ಕಳೆದ ಚಳಿಗಾಲದಲ್ಲಿ ಇದೇ ಜಾಗದಲ್ಲಿ ಹಳೆಯ ವಸ್ತುಗಳ ಬಗ್ಗೆ ಬರೆಯುತ್ತ ನಮ್ಮ ಬೆನ್ನಿ ಮಾಮನ ಕ್ಯಾಸೆಟ್ಟುಗಳ ಬಗ್ಗೆ ಒಂದು ಸಾಲು ಹಾಕಿದ್ದೆ. ಒಂದೇ ಸಾಲು. ನೀವು ಮರೆತಿದ್ದೀರಿ, ನಾನೂ ಮರೆತಿದ್ದೆ. ಆದರೆ ಅಮೆರಿಕದಲ್ಲಿ ಒಂದು ಯೂನಿವರ್ಸಿಟಿಯಲ್ಲಿ ಕುಳಿತ ಎಮಿಲಿ ಎಂಬ ಮೇಡಂ ಮರೆಯಲಿಲ್ಲ. ಅವರದು ಒಂದು ಆರ್ಕೈವ್. ಪ್ರಪಂಚದ ಮೂಲೆ ಮೂಲೆಯಲ್ಲಿ ರೇಡಿಯೊಗಳಲ್ಲಿ ಬಂದ ಕ್ರೈಸ್ತ ಭಕ್ತಿಗೀತೆಗಳನ್ನು, ಅವುಗಳ ಸುತ್ತ ಬೆಳೆದ ಬದುಕನ್ನು ಒಂದೆಡೆ ಸೇರಿಸಿ ಕಾಪಾಡುವ ಕೆಲಸ. ಹುಡುಕುತ್ತಾ ಹುಡುಕುತ್ತಾ ನನ್ನ ಅಂಕಣ ಸಿಕ್ಕಿತಂತೆ. ಕನ್ನಡ ಬಾರದ್ದರಿಂದ ಕಂಪ್ಯೂಟರಿನಿಂದ ಇಂಗ್ಲಿಷಿಗೆ ಮಾಡಿಸಿಕೊಂಡು ಓದಿದರಂತೆ. ‘ತುಂಬಾ ಸೊಗಸಾದ ಬರವಣಿಗೆ’ ಎಂದು ಈಮೇಲಿನಲ್ಲಿ ಬರೆದಿದ್ದರು.

“ಅಂದರೆ ಕಂಪ್ಯೂಟರ್ ಚೆನ್ನಾಗಿ ಬರೆದಿದೆ,” ಎಂದಳು ನನ್ನ ಹೆಂಡತಿ ಶ್ಯಾಮಲಾ.

“ಅಮ್ಮಾ, ಬಿ ನೈಸ್,” ಎಂದಳು ಮಗಳು. (ನಮ್ಮ ಮನೆಯಲ್ಲಿ ಕರುಣೆ ಇಂಗ್ಲಿಷಿನಲ್ಲೇ ಬರುವುದು.)

ಇರಲಿ. ಹೊಸ ಓದುಗರಿಗಾಗಿ ಬೆನ್ನಿ ಮಾಮನ ಪರಿಚಯ ಮಾಡಿಕೊಡುತ್ತೇನೆ. ಹೆಸರು ಬೆಂಜಮಿನ್. ಉಡುಪಿ ಕಡೆಯ, ತುಳು ಮಾತಾಡುವ ಪ್ರೊಟೆಸ್ಟೆಂಟ್ ಕ್ರೈಸ್ತರು. ಸಲಾಲಾದಲ್ಲಿ ಎಸಿ ರಿಪೇರಿ ಅಂಗಡಿ. ಊರಿಗೆ ಹೋಗಿ ಸೆಟ್ಲ್ ಆಗುತ್ತೇನೆ ಎಂದು ಪ್ರತಿ ವರ್ಷ ಹೇಳುತ್ತಾರೆ. ಪ್ರತಿ ವರ್ಷ ಅವರ ಕಫೀಲ್, ಅಂದರೆ ಅವರ ವೀಸಾಕ್ಕೆ ಜವಾಬ್ದಾರನಾದ ಒಮಾನಿ ಮುದುಕ, ‘ನೀನು ಹೋದರೆ ನನ್ನ ಮನೆ ಎಸಿ ಯಾರು ನೋಡುತ್ತಾರೆ? ಖಲಾಸ್’ ಎಂದು ಮಾತು ಮುಗಿಸುತ್ತಾನೆ. ವೀಸಾ ರಿನ್ಯೂ ಆಗುತ್ತದೆ. ಮೈಸೂರಿನವನಾದ ನನಗೂ ಅವರಿಗೂ ರಕ್ತ ಸಂಬಂಧವೇನಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮ ಎಸಿ ಕೆಟ್ಟಿತ್ತು. ಗಲ್ಫಿನಲ್ಲಿ ಎಸಿ ಸರಿ ಮಾಡಿಕೊಟ್ಟವನು ಮಾಮನಲ್ಲದೆ ಮತ್ತೇನು?

ಈ ಬೆನ್ನಿ ಮಾಮ ಒಂದು ಕಾಲದಲ್ಲಿ ರೇಡಿಯೊ ನಿರೂಪಕರು. ಹೌದು, ಇಲ್ಲಿದ್ದುಕೊಂಡೇ. ಆಗಿನ್ನೂ ಶಾರ್ಟ್‌ವೇವ್ ರೇಡಿಯೊದ ಕಾಲ. ಮಲಗುವ ಕೋಣೆಯಲ್ಲಿ ಫ್ಯಾನು, ಎಸಿ ಎರಡನ್ನೂ ನಿಲ್ಲಿಸಿ, ಸದ್ದು ಬರಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿ, ಬೆವರು ಸುರಿಸುತ್ತಾ ಟೇಪ್ ರೆಕಾರ್ಡರಿನ ಮುಂದೆ ಪ್ರವಚನ ಕೊಡುತ್ತಿದ್ದರು. ನಡುವೆ ಒಂದು ತುಳು ಹಾಡು. ಹಾಡುವವರು ಅವರ ಹೆಂಡತಿ ಲಿಲ್ಲಿ ಆಂಟಿ. ಕ್ಯಾಸೆಟ್ ತುಂಬಿದ ಮೇಲೆ ಊರಿಗೆ ರಜೆಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವುದು. ಊರಿನ ಸಣ್ಣದೊಂದು ಸ್ಟುಡಿಯೊದವರು ಅದನ್ನು ಚೊಕ್ಕ ಮಾಡಿ, ಸಮುದ್ರದಾಚೆಯ ಯಾವುದೋ ರೇಡಿಯೊ ಸ್ಟೇಷನ್ನಿಗೆ ಕಳಿಸುತ್ತಿದ್ದರು. ಅಲ್ಲಿಂದ ಅದು ಗಾಳಿಯಲ್ಲಿ ಹೊರಟು ಕರಾವಳಿಯ ಮನೆಮನೆಗೆ ಬರುತ್ತಿತ್ತು. ಸಲಾಲಾಕ್ಕೆ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ಲಿಲ್ಲಿ ಆಂಟಿ ರೇಡಿಯೊಗೆ ಕಿವಿ ಹಚ್ಚಿ ಕೂರುತ್ತಿದ್ದರಂತೆ. ‘ಈಗ ಶ್ರೀಮತಿ ಲಿಲ್ಲಿಯವರಿಂದ ಒಂದು ಗೀತೆ’ ಎಂಬ ಗಂಡನ ದನಿ ಕೇಳುತ್ತಿತ್ತು. ಆಮೇಲೆ ಬರೀ ಸೀಟಿ, ಗೊರಗೊರ.

ಅಷ್ಟು ಸಾಕಾಗಿತ್ತು. ರಜೆಗೆ ಊರಿಗೆ ಹೋದರೆ ಅವರು ‘ರೇಡಿಯೊ ಲಿಲ್ಲಿ’. (ನಿರೂಪಕರು ರಜೆಯಲ್ಲಿದ್ದಾಗ ಕಾರ್ಯಕ್ರಮಕ್ಕೂ ರಜೆ, ಹಾಗಾಗಿ ಅಲ್ಲೂ ಅವರಿಗೆ ಅದು ಕೇಳಲು ಸಿಗುತ್ತಿರಲಿಲ್ಲ.) ಬಸ್ಸಿನಲ್ಲಿ ಜಾಗ ಬಿಟ್ಟುಕೊಡುತ್ತಿದ್ದರು. ಮದುವೆ ಮನೆಯಲ್ಲಿ ಹಾಡಿಸುತ್ತಿದ್ದರು. ಹಾಡಿದ ಮೇಲೆ ಯಾರಾದರೊಬ್ಬರು, “ಒಳ್ಳೆದಾಯ್ತು ಲಿಲ್ಲಿಯಕ್ಕಾ, ಆದ್ರೆ ರೇಡಿಯೊದಲ್ಲಿ ಬೇರೆಯೇ ಚಂದ ಕೇಳ್ತದೆ,” ಅನ್ನುತ್ತಿದ್ದರಂತೆ. ಮಶೀನಿನ ಮಹಿಮೆ ಎಂದುಕೊಂಡು ಆಂಟಿ ನಗುತ್ತಿದ್ದರು. ಇಲ್ಲಿಗೆ ಹೊಸದಾಗಿ ಬಂದ ಪ್ರತಿಯೊಂದು ಕುಟುಂಬಕ್ಕೂ ಅವರು ನೀರುದೋಸೆ ಬಡಿಸುತ್ತಾ ಹೇಳುವ ಮೊದಲ ಮಾತು, “ನಾನು ರೇಡಿಯೊದಲ್ಲಿ ಹಾಡ್ತಿದ್ದೆ, ಗೊತ್ತುಂಟಾ?” ಇಲ್ಲಿನ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದ್ದಾರೆ. ಅದನ್ನು ಕೇಳಿದರೆ ಮಾತ್ರ ಹೇಳುತ್ತಾರೆ.

ಎಮಿಲಿ ಮೇಡಂಗೆ ಈ ಕ್ಯಾಸೆಟ್ಟುಗಳು ಬೇಕಾಗಿದ್ದವು. ಕ್ಯಾಸೆಟ್ ಕಂಪ್ಯೂಟರಿಗೆ ಹಾಕಿ ಕಳಿಸಲು ಸ್ಥಳದಲ್ಲಿ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಬೇಕು ಎಂದು ಬರೆದರು. ಬಂದರಿನ ಆಫೀಸಿನಲ್ಲಿ ಕಂಟೇನರುಗಳ ಕಾಗದ ಪತ್ರ ನೋಡುವ ನನಗಿಂತ ಜವಾಬ್ದಾರಿಯುತ ಯಾರಿದ್ದಾರೆ? ಒಪ್ಪಿಕೊಂಡೆ. ನನ್ನನ್ನು ‘ಸಮುದಾಯದ ಪ್ರತಿನಿಧಿ’ ಎಂದು ನೇಮಿಸಿದರು. ಯಾವ ಸಮುದಾಯ ಅಂತ ನಾನು ಕೇಳಲಿಲ್ಲ. ಸಂಬಳವಿಲ್ಲದ ಹುದ್ದೆಗೆ ಅಷ್ಟೆಲ್ಲ ಪ್ರಶ್ನೆ ಯಾಕೆ?

ಮೊದಲ ಅಡ್ಡಿ ಕ್ಯಾಸೆಟ್ ಪ್ಲೇಯರ್. ಇಲ್ಲಿನ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದೆ: ‘ಹಳೆಯ ಕ್ರೈಸ್ತ ಭಕ್ತಿಗೀತೆಗಳ ರೇಡಿಯೊ ಕಾರ್ಯಕ್ರಮಗಳನ್ನು ಉಳಿಸುವ ಕೆಲಸ ನಡೆದಿದೆ. ಯಾರ ಮನೆಯಲ್ಲಾದರೂ ಕ್ಯಾಸೆಟ್ ಪ್ಲೇಯರ್ ಇದ್ದರೆ ತಿಳಿಸಿ.’ ನಾನು ಫೋನ್ ಕೆಳಗಿಡುವ ಮೊದಲೇ ಅಧ್ಯಕ್ಷರು ಅದನ್ನು ಅಳಿಸಿದರು. ಜೊತೆಗೆ ಒಂದು ಎಚ್ಚರಿಕೆ: ‘ಈ ಗುಂಪು ಕನ್ನಡ ಸಂಸ್ಕೃತಿಗೆ ಮಾತ್ರ. ಧಾರ್ಮಿಕ ವಿಷಯಗಳಿಗೆ ಇಲ್ಲಿ ಅವಕಾಶವಿಲ್ಲ.’ ಎಚ್ಚರಿಕೆಯ ಕೆಳಗೇ ಅವರ ಎಂದಿನ ಶುಭೋದಯ ಬಂತು. ದೀಪ, ಕಮಲ, ಮಿನುಗುವ ಲಕ್ಷ್ಮಿ.

ಕೊನೆಗೆ ಬೆನ್ನಿ ಮಾಮನೇ ತಮ್ಮ ಹಳೆಯ ಟೇಪ್ ರೆಕಾರ್ಡರ್ ಅಟ್ಟದಿಂದ ಇಳಿಸಿ, ಒಳಗಿನ ಬೆಲ್ಟ್ ಬದಲಿಸಿ ಕೊಟ್ಟರು. ಊರಿಗೆ ಕಳಿಸುವ ಮೊದಲು ಕಾಪಿ ಮಾಡಿ ಮನೆಯಲ್ಲಿಟ್ಟಿದ್ದ ಕ್ಯಾಸೆಟ್ಟುಗಳನ್ನು ಮಂಚದಡಿಯಿಂದ ಎಳೆದು ಕೊಟ್ಟರು. ಅವರ ಉತ್ಸಾಹ ಹೇಳತೀರದು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, “ಅಮೆರಿಕದವರು ನನ್ನ ಸ್ವರ ಇಡ್ತಾರಂತೆ,” ಎಂದು ಹಿಂದಿಯಲ್ಲಿ, ಅರಬ್ಬಿಯಲ್ಲಿ ಸಾರಿದರು. ಒಬ್ಬ ಬಲೂಚಿ ಗಿರಾಕಿ, “ಎಲ್ಲಿ ಇಡ್ತಾರೆ, ಫ್ರಿಜ್ಜಿನಲ್ಲಾ?” ಎಂದು ಕೇಳಿದನಂತೆ.

ಇನ್ನೊಂದು ಪೆಟ್ಟಿಗೆಯ ವಿಷಯ ಹೇಳಿದ್ದು ಲಿಲ್ಲಿ ಆಂಟಿ. “ಅಂಗಡಿಯಲ್ಲಿ ಹಿಂದಿನ ಕೋಣೆಯಲ್ಲಿ ಒಂದು ಎಸಿ ಡಬ್ಬ ಉಂಟು ನೋಡಿ ಮೂರ್ತಿಯವ್ರೆ. ಅದ್ರಲ್ಲಿಯೂ ಕ್ಯಾಸೆಟ್ ಉಂಟು. ಸ್ಟುಡಿಯೊದವರು ವಾಪಸು ಕಳಿಸಿದ್ದು, ರೇಡಿಯೊದಲ್ಲಿ ಬಂದದ್ದರ ಕಾಪಿ. ಇವರು ಮನೆಗೆ ತರ್ಲೇ ಇಲ್ಲ, ಜಾಗ ಇಲ್ಲ ಅಂತ. ತಕೊಂಡು ಹೋಗಿ.”

ಅಂದು ಬೆನ್ನಿ ಮಾಮ ಯಾವುದೋ ಹೋಟೆಲಿನ ಎಸಿ ಬಿಚ್ಚಲು ಹೋಗಿದ್ದರು. ನಾನು ಅಂಗಡಿಗೆ ಹೋಗಿ ಪೆಟ್ಟಿಗೆ ಎತ್ತಿಕೊಂಡು ಬಂದೆ. ಎಷ್ಟು ದಕ್ಷ ಪ್ರತಿನಿಧಿ ನೋಡಿ.

ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ಟೇಪ್ ಓಡುತ್ತಿತ್ತು. ಸೌಂಡ್ ಬಂದ್ ಮಾಡಿ ನಾನು ಕ್ರಿಕೆಟ್ ನೋಡುತ್ತಿದ್ದೆ. ಒಂದು ಕಡೆ ಮುಗಿದರೆ ತಿರುಗಿಸಿ ಹಾಕುವುದು, ಮತ್ತೆ ಕ್ರಿಕೆಟ್. ಒಂದನ್ನೂ ಕೇಳಲಿಲ್ಲ. ಪರಂಪರೆಯನ್ನು ಉಳಿಸುವವನಿಗೆ ಅದನ್ನು ಕೇಳುವಷ್ಟು ಪುರುಸೊತ್ತು ಎಲ್ಲಿರುತ್ತದೆ?

ಎಲ್ಲವನ್ನೂ ಅಮೆರಿಕಕ್ಕೆ ಕಳಿಸಿದೆ. ಖರೀಫ್ ಬಂತು. ಅರಬ್ಬರ ನಾಡಿನಲ್ಲೆಲ್ಲ ಬೆಂಕಿ ಸುರಿಯುವ ಹೊತ್ತಿಗೆ ಸಲಾಲಾದಲ್ಲಿ ಮಾತ್ರ ಜಿನುಗು ಮಳೆ, ಮಂಜು, ಹಸಿರು ಗುಡ್ಡ. ಮಸ್ಕತ್ತಿನಿಂದ, ದುಬೈಯಿಂದ ಕಾರುಗಟ್ಟಲೆ ಜನ ಬಂದು ಛತ್ರಿಯಿಲ್ಲದೆ ನೆನೆಯುತ್ತಾರೆ. ಎಸಿ ಮೆಕ್ಯಾನಿಕ್ಕಿಗೆ ಮಾತ್ರ ಕೆಲಸವಿಲ್ಲ. ಹೀಗೆ ಬಿಡುವಾಗಿದ್ದ ಬೆನ್ನಿ ಮಾಮ ಅಂಗಡಿ ಗುಡಿಸಲು ಹೊರಟಾಗ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಕಾಣಲಿಲ್ಲ. ಫೋನ್ ಮಾಡಿದರು.

“ಮೂರ್ತಿಯವ್ರೆ, ಅಂಗಡಿಯ ಡಬ್ಬ ನೀವು ತಕೊಂಡು ಹೋದದ್ದಾ?”

“ಹೌದು ಮಾಮ. ಆಂಟಿ ಹೇಳಿದ್ರು.”

“ಕಳಿಸಿದ್ರಾ?”

“ಎಲ್ಲ ಕಳಿಸಿಯಾಯ್ತು. ಒಂದೂ ಬಿಡಲಿಲ್ಲ.”

“ದೇವರ ಚಿತ್ತ,” ಎಂದು ಮಾಮ ಫೋನ್ ಇಟ್ಟರು. ಕ್ರೈಸ್ತ ವಿನಯ ಎಂದುಕೊಂಡು ಸುಮ್ಮನಾದೆ.

ಮುಂದಿನ ಶುಕ್ರವಾರ ಬೆನ್ನಿ ಮಾಮನ ಫ್ಲ್ಯಾಟಿನಲ್ಲಿ ಎಮಿಲಿ ಮೇಡಂ ಜೊತೆ ವಿಡಿಯೊ ಕಾಲ್. ನಾನೂ ಶ್ಯಾಮಲಾಳೂ ಹೋಗಿದ್ದೆವು. ಅವರಿಗೆ ಬೆಳಗ್ಗೆ, ನಮಗೆ ಮಧ್ಯಾಹ್ನ. ಇಲ್ಲಿ ಭಾನುವಾರ ಕೆಲಸದ ದಿನವಾದ್ದರಿಂದ ಚರ್ಚಿನ ಆರಾಧನೆ ಶುಕ್ರವಾರ. ಅದನ್ನು ಮುಗಿಸಿ ಬಂದ ಲಿಲ್ಲಿ ಆಂಟಿ ರೇಷ್ಮೆ ಸೀರೆ ಬದಲಿಸದೆ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ಬೆನ್ನಿ ಮಾಮನಿಗೆ ಅಂದು ಇದ್ದಕ್ಕಿದ್ದಂತೆ ಗಂಟಲು ನೋವು. ಕೂರುವುದಿಲ್ಲ ಎಂದರು. ಎಮಿಲಿ ಒತ್ತಾಯ ಮಾಡಿದ್ದಕ್ಕೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು.

ಎಮಿಲಿ ಒಳ್ಳೆಯ ಹೆಂಗಸು. ಲಿಲ್ಲಿ ಆಂಟಿಗೆ ನಮಸ್ಕಾರ ಮಾಡಿ, “ನಿಮ್ಮ ದನಿ ನನಗೆ ತುಂಬಾ ಇಷ್ಟ, ಇದನ್ನು ದಿನಾ ಕೇಳುತ್ತೇನೆ,” ಎಂದು ಒಂದು ತುಣುಕು ಹಾಕಿದರು.

ಬೆನ್ನಿ ಮಾಮನ ಯೌವನದ ಗಂಭೀರ ದನಿ ಬಂತು. “ಈಗ ಶ್ರೀಮತಿ ಲಿಲ್ಲಿಯವರಿಂದ ಒಂದು ಗೀತೆ.”

ಹಿಂದೆಯೇ ಕೀಬೋರ್ಡು. ಆಮೇಲೆ ಎಳೆಯ, ತೆಳುವಾದ, ಜೇನಿನಂಥ ಒಂದು ದನಿ.

ಲಿಲ್ಲಿ ಆಂಟಿ ಮುಂದಕ್ಕೆ ಬಾಗಿ ಕೇಳಿದರು. ನನ್ನತ್ತ ತಿರುಗಿದರು.

“ಇದು ಯಾರು?”

ನಾನು ಎಮಿಲಿಯನ್ನು ನೋಡಿದೆ. ಎಮಿಲಿ ನನ್ನನ್ನು ನೋಡಿದರು. ಶ್ಯಾಮಲಾ ಬೆನ್ನಿ ಮಾಮನನ್ನು ನೋಡಿದಳು. (ಯಾರನ್ನು ನೋಡಬೇಕು ಎಂಬುದು ಹೆಂಗಸರಿಗೆ ಹೇಗೆ ಗೊತ್ತಾಗುತ್ತದೋ.)

“ಕೇಳಿದ್ದು ನಿಮ್ಮನ್ನೇ,” ಎಂದರು ಆಂಟಿ ಗಂಡನಿಗೆ. “ನನ್ನ ಹೆಸರು ಹೇಳಿದ್ರಲ್ಲ. ಹಾಡಿದ್ದು ಯಾರು?”

ಬೆನ್ನಿ ಮಾಮನ ಗಂಟಲು ನೋವು ನಿಜವೇ ಆಗಿಬಿಟ್ಟಿತು. ನೀರು ಕುಡಿದು, ಬಿಟ್ಟು ಬಿಟ್ಟು ಹೇಳಿದರು. ಮೊದಲ ಕ್ಯಾಸೆಟ್ ಕಳಿಸಿದಾಗಲೇ ಸ್ಟುಡಿಯೊದವರು ತಕರಾರು ತೆಗೆದಿದ್ದರು. ಹಾಡು ಒಳ್ಳೆಯದಿದೆ, ಪದವೂ ಸರಿಯಿದೆ, ಆದರೆ ಧಾಟಿ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವ ಹೆಂಗಸರದ್ದು. ರೇಡಿಯೊದಲ್ಲಿ ಇಂಥದ್ದು ಬಂದರೆ ಜನ ನಗುತ್ತಾರೆ, ಹೀಗಾದರೆ ಕಾರ್ಯಕ್ರಮವೇ ಬೇಡ.

“ನಾನು ಹೇಳಿದೆ, ಹೆಸರು ತೆಗಿಬೇಡಿ, ಹಾಡು ಬೇಕಾದ್ರೆ ಬೇರೆಯವರದ್ದು ಹಾಕಿ ಅಂತ.”

“ಹೆಸರು ಯಾಕೆ ತೆಗಿಬೇಡಿ ಅಂದದ್ದು?”

“ನೀನು ರೇಡಿಯೊ ಕೇಳ್ತಿ ಅಲ್ವಾ ಲಿಲ್ಲಿ.”

“ನೀವು ಮಾತಾಡಿದ್ದು? ಅದನ್ನೂ ಬೇರೆಯವರ ಹತ್ರ ಮಾಡಿಸಿದ್ರಾ?”

“ಇಲ್ಲ. ಅದು ಹಾಗೆಯೇ ಬಂತು.”

“ಅದು ಮಾತ್ರ ಹಾಗೆಯೇ ಬಂತು,” ಎಂದರು ಆಂಟಿ.

ಬೈಯಲಿಲ್ಲ, ಅಳಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಂಡು ಕುಳಿತರು. ನನಗೆ ಅವರನ್ನು ನೋಡಲಾಗಲಿಲ್ಲ. ಇಷ್ಟು ವರ್ಷ ಬಸ್ಸಿನಲ್ಲಿ ಜಾಗ ಸಿಕ್ಕಿದ್ದು, ಮದುವೆ ಮನೆಯಲ್ಲಿ ಕರೆದು ಹಾಡಿಸಿದ್ದು, ‘ರೇಡಿಯೊದಲ್ಲಿ ಬೇರೆಯೇ ಚಂದ’ ಎಂದದ್ದು, ಒಂದೊಂದೂ ಅವರಿಗೆ ಆಗ ನೆನಪಾಗುತ್ತಿದ್ದಿರಬೇಕು.

ಏನಾಗುತ್ತಿದೆ ಎಂದು ಎಮಿಲಿ ಕೇಳಿದರು. ನಾನು ಇಂಗ್ಲಿಷಿನಲ್ಲಿ ಆದಷ್ಟು ಮೃದುವಾಗಿ ಹೇಳಿದೆ. ಅವರು ಪಾಪ, ಮುಖ ಕೆಂಪು ಮಾಡಿಕೊಂಡು, “ಹಾಗಾದರೆ ಇದು ಯಾರು?” ಎಂದು ಇನ್ನೊಂದು ತುಣುಕು ಹಾಕಿದರು. ಅದು ಮಂಚದಡಿಯ ಕ್ಯಾಸೆಟ್ಟಿನದು. ಕೀಬೋರ್ಡಿಲ್ಲ, ಏನಿಲ್ಲ. ದಪ್ಪನೆಯ, ಮಣ್ಣಿನಂಥ ಒಂದು ಹೆಣ್ಣು ದನಿ ಉದ್ದಕ್ಕೆ ಎಳೆದು ಕರೆಯುತ್ತಿತ್ತು: ‘ಓಡ ಮುರ್ಕುಂಡು ಸ್ವಾಮೀ, ಲಕ್ಕ್‌ಲೆ.’ ದೋಣಿ ಮುಳುಗುತ್ತಿದೆ ಸ್ವಾಮಿ, ಏಳಿ. ಬಿರುಗಾಳಿಯಲ್ಲಿ ದೋಣಿಯೊಳಗೆ ನಿದ್ದೆ ಹೋದ ಯೇಸುವನ್ನು ಶಿಷ್ಯರು ಎಬ್ಬಿಸುವ ಕಥೆ. ನೆಡುವವರ ಸಾಲಿನಲ್ಲಿ ಒಬ್ಬಳು ಹೇಳಿ ಉಳಿದವರು ಎತ್ತಿಕೊಳ್ಳುವ ಹಾಗೆ, ಪ್ರತಿ ಸಾಲಿನ ಕೊನೆಯಲ್ಲಿ ಒಂದು ಬಿಡುವು. ಆ ಬಿಡುವಿನಲ್ಲಿ ಎತ್ತಿಕೊಳ್ಳಲು ಯಾರೂ ಇರಲಿಲ್ಲ.

ನಾನು ಸೌಂಡ್ ಬಂದ್ ಮಾಡಿ ಕ್ರಿಕೆಟ್ ನೋಡಿದ್ದು ಈ ಹಾಡು ಓಡುತ್ತಿದ್ದಾಗ.

“ಇದು ನಾನು,” ಎಂದರು ಆಂಟಿ. “ಪದ ಕಟ್ಟಿದ್ದು ನನ್ನ ಅಮ್ಮ. ಅವರು ಬೇರೆಯವರ ಗದ್ದೆಯಲ್ಲಿ ನೇಜಿ ನೆಡ್ಲಿಕ್ಕೆ ಹೋಗ್ತಿದ್ರು. ಅಲ್ಲಿಯ ಧಾಟಿಗೆ ಯೇಸುವಿನ ಪದ ಹಾಕಿದ್ರು. ಬೇರೆ ಧಾಟಿ ಅವರಿಗೆ ಬರ್ತಿರ್ಲಿಲ್ಲ.” ಗಂಡನತ್ತ ತಿರುಗಿದರು. “ನಗಾಡುದು ಊರಿನವರು ಅಂತ ಹೇಳ್ಬೇಡಿ. ನಾಚಿಕೆ ಆದದ್ದು ನಿಮಗೆ. ಅತ್ತೆ ಗದ್ದೆಕೆಲಸದವರು ಅಂತ.”

ಬೆನ್ನಿ ಮಾಮ ತಲೆ ಎತ್ತಲಿಲ್ಲ.

ಎಮಿಲಿ ಕಣ್ಣರಳಿಸಿ ಕುಳಿತಿದ್ದರು. ಇಂಥ ಹಾಡನ್ನು ತಾವು ಕೇಳಿಯೇ ಇರಲಿಲ್ಲ, ಇಡೀ ಸಂಗ್ರಹದಲ್ಲಿ ಇದೇ ಅಮೂಲ್ಯ ಎಂದರು. ಆಗ ಬೆನ್ನಿ ಮಾಮ ಮೆಲ್ಲಗೆ, “ಚಂದ ಉಂಟು ಲಿಲ್ಲಿ,” ಎಂದರು.

“ಹೌದಾ? ಅಮೆರಿಕದವಳು ಹೇಳಿದ ಮೇಲೆ ಗೊತ್ತಾಯ್ತಾ?”

ಕಾಲ್ ಮುಗಿಯಿತು. ಲಿಲ್ಲಿ ಆಂಟಿ ಮಾಡಿದ ಮೊದಲ ಕೆಲಸ, ಊರಿನ ತಂಗಿಗೆ ಫೋನ್. ಸ್ಪೀಕರಿನಲ್ಲೇ ಹಾಕಿದರು. “ನೀನು ನನ್ನ ಒಡಹುಟ್ಟಿದವಳಲ್ವಾ? ಪ್ರತಿ ವಾರ ರೇಡಿಯೊ ಕೇಳ್ತಿದ್ದಿ. ಅದು ನನ್ನ ಸ್ವರ ಅಲ್ಲ ಅಂತ ಗೊತ್ತಾಗ್ಲಿಲ್ವಾ?”

ತಂಗಿ ಹೇಳಿದರು: “ಗಲ್ಫಿಗೆ ಹೋದವರೆಲ್ಲ ಬೆಳ್ಳಗಾಗಿ ಬರ್ತಾರಲ್ಲ ಅಕ್ಕಾ. ಸ್ವರವೂ ಹಾಗೆ ಚಂದ ಆಗಿರ್ಬಹುದು ಅಂತ ಎಣಿಸಿದೆ.”

ಅಷ್ಟು ಹೊತ್ತಿನಲ್ಲಿ ಮೊದಲ ಸಲ ಆಂಟಿ ನಕ್ಕರು. ಗಂಡನ ಜೊತೆ ಮಾತ್ರ ಮಾತಿಲ್ಲ. ಊಟ ಬಡಿಸುತ್ತಿದ್ದರು, ಬಟ್ಟೆ ಇಸ್ತ್ರಿ ಮಾಡಿಡುತ್ತಿದ್ದರು, ಮಾತಿಲ್ಲ. ಬೆನ್ನಿ ಮಾಮ ಅಂಗಡಿಯಲ್ಲಿ ಕೆಲಸವಿಲ್ಲದಿದ್ದರೂ ಕತ್ತಲಾಗುವ ತನಕ ಕೂರತೊಡಗಿದರು. ಅವರ ಕಫೀಲ್ ಕೂಡ ಒಂದು ದಿನ ನನ್ನನ್ನು ತಡೆದು, “ಏನಾಗಿದೆ ಬೆನ್ನಿಗೆ? ರೇಡಿಯೊದ ಹಾಗೆ ಮಾತಾಡುವವನು, ಈಗ ಬ್ಯಾಟರಿ ಇಲ್ಲ,” ಎಂದು ಕೇಳಿದ. ನಾನು ಏನು ಹೇಳಲಿ? ಬ್ಯಾಟರಿ ತೆಗೆದವರು ಹೆಂಡತಿ ಎಂದರೆ ಅವನಿಗೂ ಅರ್ಥವಾಗುತ್ತಿತ್ತು. ಅವನಿಗೂ ಮದುವೆಯಾಗಿದೆ.

ಆಂಟಿ ಮಧ್ಯಾಹ್ನದ ಹೊತ್ತು ನಮ್ಮ ಮನೆಗೆ ಬರತೊಡಗಿದರು. ಶ್ಯಾಮಲಾ ಜೊತೆ ಕುಳಿತು, ಅಂಗಡಿಯ ಪೆಟ್ಟಿಗೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕೇಳಿದರು. ತಮ್ಮವನ್ನಲ್ಲ, ಆ ಹುಡುಗಿಯವನ್ನು. ಗಂಡನ ಮಾತು ಬಂದ ಕಡೆಯೆಲ್ಲ ಮುಂದಕ್ಕೆ ಓಡಿಸುತ್ತಿದ್ದರು. (ಇಷ್ಟು ಸುಲಭವಾಗಿ ಗಂಡನ ಮಾತನ್ನು ದಾಟುವ ಸೌಲಭ್ಯ ತನಗೆ ಮನೆಯಲ್ಲಿಲ್ಲ ಎಂದು ಶ್ಯಾಮಲಾ ನಿಟ್ಟುಸಿರು ಬಿಟ್ಟಳು.)

ಎಲ್ಲ ಕ್ಯಾಸೆಟ್ಟಿನಲ್ಲೂ ಒಬ್ಬಳೇ ಹುಡುಗಿ. ಮೊದಮೊದಲು ಶಾಲೆ ಮಕ್ಕಳ ದನಿ. ಬರಬರುತ್ತ ದನಿ ಬಲಿಯುತ್ತದೆ. ಒಂದರಲ್ಲಿ ಶೀತವಾಗಿದೆ. ಒಂದರಲ್ಲಿ ತಪ್ಪಿ, ನಕ್ಕು, ಮತ್ತೆ ಹಿಡಿಯುತ್ತಾಳೆ. ಸ್ಟುಡಿಯೊದವರು ಅದನ್ನೂ ಗಮನಿಸದೆ ಹಾಗೇ ಬಿಟ್ಟಿದ್ದಾರೆ.

“ಒಳ್ಳೆ ಹಾಡಿದ್ದಾಳೆ,” ಎಂದರು ಆಂಟಿ ಒಂದು ದಿನ. “ಕೊನೆಯ ಚರಣಕ್ಕೆ ಬರುವಾಗ ಉಸಿರು ಸಾಕಾಗುದಿಲ್ಲ, ಪಾಪ. ಯಾರೂ ಹೇಳಿಕೊಡ್ಲಿಲ್ಲ ಕಾಣ್ತದೆ.” ಕ್ಯಾಸೆಟ್ ತಿರುಗಿಸಿ ಹಾಕುತ್ತ ಮತ್ತೆ ಹೇಳಿದರು: “ನನ್ನ ಹಾಡು ಯಾರೂ ಕೇಳ್ಲಿಲ್ಲ, ಸರಿ. ಹೆಸರಾದ್ರೂ ಊರಿಡೀ ಕೇಳಿದ್ರು. ಇವಳಿಗೆ ಅದೂ ಇಲ್ಲ. ಮನೆಯಲ್ಲಿ ‘ನಾನು ರೇಡಿಯೊದಲ್ಲಿ ಹಾಡಿದ್ದು’ ಅಂತ ಹೇಳಿದ್ರೆ ಯಾರು ನಂಬಿಯಾರು? ಹೆಸರು ಲಿಲ್ಲಿ ಅಂತ ಬರ್ತದಲ್ಲ.”

ಅಂದು ಸಂಜೆ ಅವರು ಮನೆಗೆ ಹೋಗಿ ಗಂಡನ ಜೊತೆ ಮಾತಾಡಿದರು. ಮಾತಾಡಿದ್ದು ಒಂದೇ ವಾಕ್ಯ. “ಆ ಹುಡುಗಿಯ ಹೆಸರು ನನಗೆ ಬೇಕು.”

ಬೆನ್ನಿ ಮಾಮನಿಗೆ ಜೀವ ಬಂತು. ಊರಿಗೆ ಫೋನಿನ ಮೇಲೆ ಫೋನ್. ಸ್ಟುಡಿಯೊ ಮುಚ್ಚಿ ಯಾವುದೋ ಕಾಲವಾಗಿತ್ತು. ಆ ಕಟ್ಟಡದಲ್ಲಿ ಈಗ ಮೊಬೈಲ್ ಅಂಗಡಿ. ರೆಕಾರ್ಡಿಂಗ್ ಮಾಡುತ್ತಿದ್ದವರು ತೀರಿಹೋಗಿದ್ದರು. ಅವರ ಸಹಾಯಕರೊಬ್ಬರು ಸಿಕ್ಕಿದರು. “ಹತ್ತಿರದ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಒಬ್ಬಳನ್ನು ಕರ್ಕೊಂಡು ಬರ್ತಿದ್ರು. ಒಳ್ಳೆ ಹುಡುಗಿ. ಹೆಸರು ಎಂತದ್ದೋ ಮಾರಾಯ್ರೆ, ನಾವು ‘ಏ ಹುಡುಗಿ’ ಅಂತಲೇ ಕರೆಯುದು,” ಎಂದರು.

ಇತ್ತ ಎಮಿಲಿ ಮೇಡಂಗೆ ಬೇರೆಯೇ ಫಜೀತಿ. ಅವರ ಆರ್ಕೈವಿನ ಕಂಪ್ಯೂಟರಿನಲ್ಲಿ ‘ಹಾಡಿದವರು’ ಎಂಬ ಜಾಗ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಏನು ಬರೆಯಲಿ ಎಂದು ಕೇಳಿದರು. ಸಮುದಾಯದ ಪ್ರತಿನಿಧಿಯಾದ ನಾನು, ‘ಅಜ್ಞಾತ ಗಾಯಕಿ’ ಎಂದು ಸೂಚಿಸಿದೆ. ಕೇಳಲು ಘನವಾಗಿದೆ, ಅಲ್ಲವೇ? ಲಿಲ್ಲಿ ಆಂಟಿ ಒಪ್ಪಲಿಲ್ಲ.

“ಅಜ್ಞಾತ ಎಂತದ್ದು? ಅವಳ ಅಪ್ಪ ಅಮ್ಮ ಹೆಸರಿಡ್ಲಿಲ್ವಾ? ಆದದ್ದು ಆದ ಹಾಗೆ ಬರೀರಿ.”

ಅವರು ಹೇಳಿಕೊಟ್ಟಂತೆಯೇ ಬರೆದು ಕಳಿಸಿದೆ. ಈಗ ಆ ಪೆಟ್ಟಿಗೆಯ ಪ್ರತಿಯೊಂದು ಹಾಡಿನ ಮುಂದೆ, ಅಮೆರಿಕದಲ್ಲಿ, ಶಾಶ್ವತವಾಗಿ, ಹೀಗಿದೆ: ‘ನಿರೂಪಕರು: ಬೆಂಜಮಿನ್. ಹಾಡಿದವರು: ಹಾಸ್ಟೆಲಿನ ಒಬ್ಬ ಹುಡುಗಿ. ಅವಳ ಹೆಸರನ್ನು ನಿರೂಪಕರು ಹೇಳಲಿಲ್ಲ.’

ತಮ್ಮ ಸ್ವರ ಅಮೆರಿಕದವರು ಇಟ್ಟುಕೊಳ್ಳಬೇಕು ಎಂದು ಬೆನ್ನಿ ಮಾಮ ಆಸೆಪಟ್ಟಿದ್ದರಲ್ಲ. ಇಟ್ಟುಕೊಂಡರು.

ಮಂಚದಡಿಯ ಹಾಡುಗಳು ಬೇರೆಯಾಗಿ, ಆಂಟಿಯ ಹೆಸರಿನಲ್ಲಿ, ಅವರ ತಾಯಿಯ ಹೆಸರಿನ ಜೊತೆಗೆ ದಾಖಲಾದವು. ಎಮಿಲಿ ಅದರ ಬಗ್ಗೆ ಒಂದು ಲೇಖನ ಬರೆದು ಇಂಟರ್ನೆಟ್ಟಿನಲ್ಲಿ ಹಾಕಿದರು. ಜೊತೆಗೆ ಆಂಟಿಯ ಫೋಟೊ. ಅಲ್ಲಿಗೆ ನೋಡಿ, ಸಲಾಲಾದಲ್ಲಿ ಸಂಸ್ಕೃತಿ ಎಚ್ಚೆತ್ತಿತು.

ಮೊದಲು ಬಂದವರು ನಮ್ಮ ಗುಂಪಿನ ಅಧ್ಯಕ್ಷರು. ಸಂದೇಶ ಅಳಿಸಿದ್ದರಲ್ಲ, ಅವರೇ. ಹಣ್ಣಿನ ಬುಟ್ಟಿ ಸಮೇತ ‘ಯಲ್ಲಾ, ನಡೆಯಿರಿ’ ಎಂದು ಅರಬ್ಬಿ ಬೆರೆಸಿ ಅವಸರಪಡಿಸಿ, ಪದಾಧಿಕಾರಿಗಳನ್ನು ಕರೆದುಕೊಂಡು ಆಂಟಿಯ ಮನೆಗೆ ಹೋದರು. ನವೆಂಬರಿನ ರಾಜ್ಯೋತ್ಸವದಲ್ಲಿ ಆಂಟಿಗೆ ಸನ್ಮಾನವಂತೆ. ಶಾಲು, ಪೇಟ, ಫಲಕ, ‘ಗಾನಕೋಗಿಲೆ’ ಬಿರುದು. ಅಂದು ಆ ಗದ್ದೆಯ ಧಾಟಿಯನ್ನು ಆಂಟಿ ವೇದಿಕೆಯಲ್ಲಿ ಹಾಡಬೇಕು. “ಅದು ನಮ್ಮ ಮಣ್ಣಿನ ಸೊಗಡು ಮೇಡಂ. ಪದ ಮಾತ್ರ ಸ್ವಲ್ಪ ಬದಲಾಯಿಸಿದ್ರೆ... ಎಲ್ಲರೂ ಬಂದಿರ್ತಾರೆ ನೋಡಿ. ಯೇಸು ಅನ್ನೋ ಕಡೆ ಬೇರೆ ಏನಾದರೂ...”

ಅವರು ಕುಳಿತಿರುವಾಗಲೇ ಚರ್ಚಿನ ಗಾಯನ ತಂಡದ ಹಿರಿಯರೂ ಬಂದರು. ಅವರಿಗೂ ಹಾಡು ಬೇಕು. ಪದ ಬಹಳ ಚೆನ್ನಾಗಿದೆ, ಆತ್ಮಿಕವಾಗಿದೆ. “ಧಾಟಿ ಮಾತ್ರ ಸ್ವಲ್ಪ ಹಳ್ಳಿಯದ್ದು ಆಯ್ತಲ್ಲ ಲಿಲ್ಲಿಯಕ್ಕ. ನಮ್ಮ ಯೂತ್‌ನವರು ಕೀಬೋರ್ಡಿಗೆ ಕೂರಿಸಿ ಕೊಡ್ತಾರೆ.”

ಲಿಲ್ಲಿ ಆಂಟಿ ಇಬ್ಬರಿಗೂ ಚಹಾ ಕೊಟ್ಟರು.

“ಒಬ್ಬರಿಗೆ ಪದ ಬೇಡ, ಇನ್ನೊಬ್ಬರಿಗೆ ಧಾಟಿ ಬೇಡ,” ಎಂದರು. “ಎರಡೂ ತೆಗೆದ್ರೆ ಉಳಿಯುದು ಎಂತ? ನನ್ನ ಕೆಮ್ಮು. ಅದಕ್ಕೆ ಶಾಲು ಹಾಕ್ತೀರಾ?”

ಅಧ್ಯಕ್ಷರು ನಕ್ಕರು. ಏನು ಮಾಡುವುದು, ಪೇಟಕ್ಕೆ ಆರ್ಡರ್ ಕೊಟ್ಟಾಗಿತ್ತು.

ಕೊನೆಗೆ ಆಂಟಿಯೇ ದಾರಿ ತೋರಿಸಿದರು. ಬರುತ್ತೇನೆ, ಹಾಡುತ್ತೇನೆ, ಪದ ಧಾಟಿ ಎರಡೂ ಸೇರಿಸಿ. ಶಾಲು ಪೇಟ ಬೇಡ. ಬದಲಿಗೆ ಮೈಕಿನಲ್ಲಿ ಎರಡು ನಿಮಿಷ ಕೊಡಿ. ರೇಡಿಯೊದಲ್ಲಿ ತನ್ನ ಹೆಸರಿನಲ್ಲಿ ಹಾಡಿದ್ದು ಬೇರೆ ಹುಡುಗಿ ಎಂದು ಎಲ್ಲರ ಮುಂದೆ ಹೇಳಬೇಕು. ಹೇಳುವವರು ತಾನಲ್ಲ, ಗಂಡ. ಕರಾವಳಿಯವರು ಇಷ್ಟು ಜನ ಸೇರಿರುತ್ತಾರೆ, ಯಾರಿಗಾದರೂ ಅವಳ ಪತ್ತೆ ಗೊತ್ತಿರಬಹುದು.

ನಾನು ಬೆನ್ನಿ ಮಾಮನನ್ನು ನೋಡಿದೆ. ಈ ಸಲ ಅವರಿಗೆ ಗಂಟಲು ನೋವು ಬರಲಿಲ್ಲ. “ಹೇಳ್ತೇನೆ,” ಎಂದರು. “ಮೈಕ್ ನನಗೆ ಹೊಸತಲ್ಲ. ಸತ್ಯ ಹೇಳುದು ಮಾತ್ರ ಹೊಸತು.” ಆಂಟಿ ಅವರಿಗೂ ಒಂದು ಲೋಟ ಚಹಾ ತಂದುಕೊಟ್ಟು, “ಸಕ್ಕರೆ ಸಾಕಾ?” ಎಂದು ಕೇಳಿದರು. ಆ ಶುಕ್ರವಾರದ ನಂತರ ಅವರು ಗಂಡನನ್ನು ಕೇಳಿದ ಮೊದಲ ಸಾಧಾರಣ ಪ್ರಶ್ನೆ ಅದು. ಬೆನ್ನಿ ಮಾಮನಿಗೆ ಸಕ್ಕರೆ ಕಾಯಿಲೆ. ಆದರೂ ಸಾಕು ಎನ್ನಲಿಲ್ಲ.

ಅಧ್ಯಕ್ಷರು ಮಾತ್ರ ಫೋನ್ ತೆಗೆದು ಕಾರ್ಯಕ್ರಮ ಪಟ್ಟಿ ನೋಡಿದರು. ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷರ ಭಾಷಣ, ಮಾಜಿ ಅಧ್ಯಕ್ಷರ ಭಾಷಣ, ಪ್ರಾಯೋಜಕರಿಗೆ ಹಾರ. “ಎರಡು ನಿಮಿಷ ಕಷ್ಟ ಮೇಡಂ,” ಎಂದರು. “ಟೈಟ್ ಶೆಡ್ಯೂಲ್.”

ಅದಕ್ಕೇ ಬೆನ್ನಿ ಮಾಮ ಹೇಳಬೇಕಾದ್ದನ್ನು, ಅವರ ಒಪ್ಪಿಗೆ ಪಡೆದು, ನಾನು ಇಲ್ಲಿ ಬರೆದಿದ್ದೇನೆ. ಕರಾವಳಿಯ ಓದುಗರೇ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಚರ್ಚಿನ ಹಿಂದಿನ ಬೆಂಚಿನಲ್ಲಿ, ಚಿಕ್ಕಂದಿನಲ್ಲಿ ಹಾಸ್ಟೆಲಿನಲ್ಲಿ ಇದ್ದ, ‘ನಾನೂ ರೇಡಿಯೊದಲ್ಲಿ ಹಾಡಿದ್ದೆ’ ಎಂದು ಒಮ್ಮೆ ಹೇಳಿ, ಯಾರೂ ನಂಬದೆ ಸುಮ್ಮನಾದ ಹೆಂಗಸೊಬ್ಬರು ಇದ್ದರೆ, ಅವರಿಗೆ ಈ ಪುಟ ಓದಿ ಹೇಳಿ. ಲಿಲ್ಲಿ ಆಂಟಿ ಅವರ ಹತ್ತಿರ ಕೇಳಬೇಕೆಂದಿರುವುದು ಒಂದೇ ಪ್ರಶ್ನೆ.

ಅಮ್ಮಾ, ನಿಮ್ಮ ಹೆಸರೇನು?